ಖಾಲಿ ಲಾರಿಯ ತೂಕ

ಇದಕ್ಕೆ ತೆತ್ತದ್ದೇನು ಅಂತ ಮೊದಲೇ ಹೇಳಿಬಿಡುತ್ತೇನೆ. ತೂಕದ ಆಪರೇಟರ್ ನಾಗರಾಜನ ಎಡಗಣ್ಣು, ಸೆಲ್ವನೆಂಬ ಹಮಾಲಿಯ ಬಲಗೈ ಮೂಳೆ, ನನ್ನ ಮೇಲುಸಾಲಿನ ಎರಡು ಹಲ್ಲು. ಕಾರಣ ಇಷ್ಟೇ: ತೂಕದ ಚೀಟಿಯಲ್ಲಿ ಏನೇನು ಅಚ್ಚಾಗಬೇಕು ಅನ್ನುವುದನ್ನು ಗಿರಾಕಿಯೇ ಬರೆದುಕೊಳ್ಳಲಿ ಅಂತ ನಾನು ಬಿಟ್ಟುಕೊಟ್ಟೆ. ಅವರು ಬರೆದದ್ದನ್ನು ನನ್ನ ಪ್ರೋಗ್ರಾಮು ಒಂದು ಪ್ರಶ್ನೆಯನ್ನೂ ಕೇಳದೆ ನುಂಗಿತು. ಅದರ ಹಿಂದೆ ನಾನು ಮಾಡಿದ ಒಂದು ಫೋನ್ ಕರೆಯೂ ಇದೆ. ಅದನ್ನು ಅದರ ಜಾಗದಲ್ಲೇ ಹೇಳುತ್ತೇನೆ.

ಹೋದ ತಿಂಗಳು ಭದ್ರಾವತಿಯ ಒಂದು ಅಕ್ಕಿ ಗಿರಣಿಗೆ ಕೆಲಸದ ಮೇಲೆ ಹೋಗಿದ್ದೆ. ಪಕ್ಕದ ಶೆಡ್ಡಿನಲ್ಲಿ ಯಾರೋ ಹಳೇ ಬಸ್ಸಿನ ಬಾಡಿಯನ್ನು ಗ್ಯಾಸ್ ಕಟರ್‌ನಿಂದ ಕೊಯ್ಯುತ್ತಿದ್ದರು. ಸುಟ್ಟ ಬಣ್ಣ, ಕಾದ ಕಬ್ಬಿಣ, ಡೀಸೆಲ್ಲು, ಮೂರೂ ಸೇರಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕಟ್ಟಿಸಿಕೊಂಡ ಹಲ್ಲುಗಳನ್ನು ನಾಲಿಗೆ ತಾನಾಗಿ ಹುಡುಕಿಕೊಂಡು ಹೋಯಿತು. ಗಿರಣಿಯವರು ಕೊಟ್ಟ ಟೀ ಆರಿಹೋಯಿತು. ಆ ಬೇಸಿಗೆ ಪೂರ್ತಿ ಕಣ್ಣಮುಂದೆ ಬಂತು.

ನಾನು ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಸಂದಿಯಲ್ಲಿ ಟೀವಿ ರಿಪೇರಿ ಕಲಿತೆ. ಟೀವಿ ರಿಪೇರಿಗೆ ತರುವವರು ಕಡಿಮೆಯಾದ ಮೇಲೆ ತಕ್ಕಡಿ ರಿಪೇರಿಗೆ ಇಳಿದೆ, ಅಲ್ಲಿಂದ ಲಾರಿ ತೂಗುವ ವೇ ಬ್ರಿಡ್ಜಿಗೆ ಹತ್ತಿದೆ. ಪ್ರೋಗ್ರಾಮು ಬರೆಯುವ ಸಿ ಭಾಷೆಯನ್ನು ಹಳೇ ಪುಸ್ತಕವೊಂದನ್ನು ಇಟ್ಟುಕೊಂಡು ನಾನೇ ಕಲಿತೆ. ವೇ ಬ್ರಿಡ್ಜಿನ ಪೆಟ್ಟಿಗೆಯೊಳಗೆ ಕೂತು ತೂಕ ಓದುವ, ಚೀಟಿ ಹೊಡೆಯುವ ಪ್ರೋಗ್ರಾಮನ್ನು ನಾನೇ ಬರೆಯುತ್ತಿದ್ದೆ. ಶಿವಮೊಗ್ಗ, ಭದ್ರಾವತಿ ಸೇರಿ ಹನ್ನೊಂದು ಕಡೆ ನನ್ನ ಪೆಟ್ಟಿಗೆ ಓಡುತ್ತಿತ್ತು. ಹನ್ನೆರಡನೆಯದು ಭದ್ರಾವತಿಯ ಹೊರಗಿದ್ದ ಶಿವಣ್ಣನವರ ಗುಜರಿ ಯಾರ್ಡು.

ಶಿವಣ್ಣನವರ ಜೊತೆ ಚೌಕಾಸಿ ಅಂದರೆ ಒದ್ದೆ ಬಟ್ಟೆ ಹಿಂಡಿದ ಹಾಗೆ, ಇಬ್ಬರೂ ಒಂದೊಂದು ತುದಿ ಹಿಡಿದು ತಿರುಚಬೇಕು. ರೇಟು ಮುಗಿದ ಮೇಲೆ ಚೀಟಿಗೆ ಬಂದರು.

"ಚೀಟಿ ಮೇಲೆ ಯಾರ್ಡಿನ ಹೆಸರು ದಪ್ಪಕ್ಕೆ ಬರ್ಬೇಕು. ಹಬ್ಬ ಬಂದ್ರೆ ಶುಭಾಶಯ ಬರ್ಬೇಕು. ನಂಗೆ ಬೇಕಾದಾಗ ಸಾಲು ಹಿಂದೆ ಮುಂದೆ ಮಾಡ್ಕೊಡ್ಬೇಕು. ಫ್ರೀ."

"ಸಾವ್ಕಾರ್ರೆ, ನಿಮ್ಮ ಹಬ್ಬಕ್ಕೆಲ್ಲ ನಾನು ವಿನೋಬನಗರದಿಂದ ಓಡಿ ಬಂದ್ರೆ ನಮ್ಮನೇಲಿ ಹಬ್ಬ ಮಾಡೋರ್ಯಾರು?"

"ಹಂಗಾದ್ರೆ ಬೇರೆಯವ್ರನ್ನ ನೋಡ್ತೀನಿ ಬಿಡು ಮಾರಾಯ."

ಅಲ್ಲೇ ನನಗೆ ಉಪಾಯ ಹೊಳೆಯಿತು. "ನಾನ್ಯಾಕೆ ಬರ್ಬೇಕು? ಚೀಟಿ ಹೆಂಗಿರ್ಬೇಕು ಅಂತ ಒಂದು ಫೈಲಲ್ಲಿ ಇಟ್ಬಿಡ್ತೀನಿ. ನಿಮ್ಮ ನಾಗರಾಜನೇ ಬೇಕಾದ ಹಂಗೆ ತಿದ್ಕೊಳ್ಲಿ. ಮಿಷಿನ್ ನಿಲ್ಲಿಸೋ ಹಂಗೂ ಇಲ್ಲ."

ಇಬ್ಬರೂ ಗೆದ್ದೆವು ಅಂದುಕೊಂಡು ಕೈ ಕುಲುಕಿದೆವು.

ನಾಗರಾಜ ಅಲ್ಲಿನ ಆಪರೇಟರ್. ಗಾಜಿನ ಕ್ಯಾಬಿನ್ನಿನಲ್ಲಿ ಕೂತು ಲಾರಿ ತೂಗಿ ಚೀಟಿ ಕೊಡುವುದು ಅವನ ಕೆಲಸ. ಮೂವತ್ತು ದಾಟಿದ, ಬಾಯಿ ಸುಮ್ಮನಿರದ, ಕೈ ಶುದ್ಧವಾದ ಮನುಷ್ಯ. ಮೊದಲು ನಾನು ಚೀಟಿ ಹೊಡೆಯುವ ಪ್ರೋಗ್ರಾಮನ್ನು ರಸ್ಟ್ ಎಂಬ ಹೊಸ ಭಾಷೆಯಲ್ಲಿ ಮಾಡಲು ಕೂತಿದ್ದೆ. ಅದನ್ನು ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಗುಜರಿ ಅಂಗಡಿಗೆ ತುಕ್ಕು ಅನ್ನೋ ಭಾಷೆನಾ ರಮೇಶಣ್ಣ? ಸರಿಯಾದ ಜೋಡಿ ಬಿಡಿ."

ಆ ಭಾಷೆ ನನಗೆ ಒಗ್ಗಲಿಲ್ಲ. ಚೀಟಿಯ ಮಾದರಿಯನ್ನು ಹೊರಗಿನ ಫೈಲಿನಿಂದ ಓದಿ, ಅದರೊಳಗೆ ಅಂಕಿ ತುಂಬು ಅಂದರೆ ಅದರ ಕಂಪೈಲರ್, ಅಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಪ್ರೋಗ್ರಾಮು, ಖಡಾಖಂಡಿತ ಒಪ್ಪಲಿಲ್ಲ. ಮಾದರಿಯನ್ನು ಪ್ರೋಗ್ರಾಮಿನ ಒಳಗೇ ಬರೆದಿರಬೇಕಂತೆ. ಎಷ್ಟು ಜಾಗ ಬಿಟ್ಟಿದ್ದೀಯ, ಎಷ್ಟು ಅಂಕಿ ಕೊಟ್ಟಿದ್ದೀಯ ಅಂತ ಕಟ್ಟುವಾಗಲೇ ಎಣಿಸಿ, ತಾಳೆಯಾಗದಿದ್ದರೆ ಮುಂದಕ್ಕೆ ಬಿಡುವುದಿಲ್ಲವಂತೆ. ಬೇಕಾದರೆ ನೀನೇ ಆ ಫೈಲನ್ನು ಓದಿ, ಬಿಡಿಸಿ, ಪರೀಕ್ಷಿಸಿ, ತುಂಬುವ ಕೆಲಸ ಬರೆದುಕೋ ಅನ್ನುವುದು ಅದರ ವರಸೆ. ಎರಡು ದಿನ ಗುದ್ದಾಡಿದೆ. ಮದುವೆ ಮಾತುಕತೆಯಲ್ಲಿ ಒಂದೇ ತಕರಾರು ಹಿಡಿದು ಕೂತ ಸೋದರಮಾವನ ಹಾಗೆ ಕಂಡಿತು. ಬಿಟ್ಟು ಸಿ ಭಾಷೆಗೆ ಬಂದೆ. ಸಿ ಏನೂ ಕೇಳಲಿಲ್ಲ. ಹತ್ತು ನಿಮಿಷದಲ್ಲಿ ಚೀಟಿ ಹೊರಬಂತು.

ಸಿ ಭಾಷೆಯ ಅಚ್ಚಿನ ಕ್ರಮ ಹೀಗೆ. ಒಂದು ಮಾದರಿ ಕೊಡುತ್ತೀರಿ, ಅದರಲ್ಲಿ ಅಂಕಿ ಬರಬೇಕಾದ ಕಡೆಯೆಲ್ಲ ಶೇಕಡಾ ಗುರುತು ಹಾಕಿರುತ್ತೀರಿ. ಪಕ್ಕದಲ್ಲಿ ಅಂಕಿಗಳನ್ನು ಸಾಲಾಗಿ ನಿಲ್ಲಿಸುತ್ತೀರಿ. ಮೊದಲ ಗುರುತಿಗೆ ಮೊದಲ ಅಂಕಿ, ಎರಡನೆಯದಕ್ಕೆ ಎರಡನೆಯದು. ಗುರುತಿನ ಹಿಂದೆ 'ಮಾಲು' ಅಂತ ಬರೆದಿದೆಯೋ 'ಮಾವಿನಕಾಯಿ' ಅಂತ ಬರೆದಿದೆಯೋ ಅದಕ್ಕೆ ಬೇಕಿಲ್ಲ. ಬಸ್ಸಿನ ಬಾಗಿಲಲ್ಲಿ ಮುಂದೆ ನಿಂತವನಿಗೆ ಮುಂದಿನ ಸೀಟು, ಅಷ್ಟೇ. ಸೀಟು ಕಡಿಮೆಯಿದ್ದರೆ ಹಿಂದೆ ಉಳಿದವರನ್ನು ಸದ್ದಿಲ್ಲದೆ ಅಲ್ಲೇ ಬಿಟ್ಟು ಹೊರಡುತ್ತದೆ. ನಾನು ನಿಲ್ಲಿಸಿದ ಸಾಲು ಇದು: ಲಾರಿ ನಂಬರು, ಖಾಲಿ ಲಾರಿಯ ತೂಕ, ತುಂಬಿದ ಲಾರಿಯ ತೂಕ, ಕೊನೆಗೆ ಎರಡರ ವ್ಯತ್ಯಾಸವಾದ ಮಾಲಿನ ತೂಕ.

ಆ ವರ್ಷ ಬಿಸಿಲು ವಿಪರೀತ. ಯಾರ್ಡಿನಲ್ಲಿ ಒಂದು ಮರ ಇರಲಿಲ್ಲ. ತಗಡು, ಡಬ್ಬ, ಕಾರಿನ ಬಾಡಿ, ಎಲ್ಲ ಬೆಳಿಗ್ಗೆ ಹತ್ತಕ್ಕೇ ಮುಟ್ಟಿದರೆ ಚರ್ಮ ಕಿತ್ತುಬರುವಷ್ಟು ಕಾಯುತ್ತಿದ್ದವು. ಹಮಾಲಿಗಳು ಅಂಗೈಗೆ ಸೈಕಲ್ ಟ್ಯೂಬು ಸುತ್ತಿಕೊಂಡು ಲಾರಿ ತುಂಬುತ್ತಿದ್ದರು. ಹನ್ನೆರಡು ಜನರ ಗುಂಪು. ಮೇಸ್ತ್ರಿ ಮುರುಗೇಶ, ತಲೆಮಾರಿನಿಂದ ಭದ್ರಾವತಿಯಲ್ಲೇ ಬೆಳೆದ ತಮಿಳು ಮನೆಯವನು. ಅವನ ತಂಗಿ ಪೊನ್ನಿ, ಅವಳ ಗಂಡ ಸೆಲ್ವ ಅದೇ ಗುಂಪಿನಲ್ಲಿದ್ದರು.

ಅಲ್ಲಿ ಒಂದು ಪದ್ಧತಿ ಇತ್ತು. ಹಮಾಲಿಗಳ ಕೂಲಿ ತುಂಬಿದ ಟನ್ನಿಗೆ ಇಷ್ಟು ಅಂತ, ಅದೂ ಆಫೀಸಿನ ಲೆಕ್ಕದ ಮೇಲಲ್ಲ, ಅವರ ಕೈಗೆ ಕೊಟ್ಟ ಚೀಟಿಯ ಮೇಲೆ. ಹಿಂದೊಮ್ಮೆ ಆಫೀಸಿನ ಪುಸ್ತಕದ ಬಗ್ಗೆ ಹೊಡೆದಾಟವಾಗಿ ಆ ಕರಾರು ಆಗಿತ್ತು. ಲಾರಿ ತುಂಬಿದ ಕೂಡಲೇ ಅವರಿಗೆ ಬೇರೆಯೇ ಒಂದು ಚೀಟಿ, ಪೊನ್ನಿ ಅದನ್ನು ತಂತಿಗೆ ಚುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವಳು. ಶನಿವಾರ ಚೀಟಿ ಹೇಳಿದ್ದೇ ಮಾತು, ಸಾವ್ಕಾರರೂ ಮಿಸುಕುವ ಹಾಗಿಲ್ಲ.

ಹೊಸ ಯಂತ್ರ ಬಂದ ವಾರವೇ ಮುರುಗೇಶ ಕ್ಯಾಬಿನ್ನಿಗೆ ಬಂದ. "ಮೂರು ಮೂರು ನಂಬರ್ ಹೊಡ್ದಿದೀಯಲ್ಲ ನಾಗ, ಯಾವ್ದು ನಮ್ದು ಅಂತ ಹುಡುಕ್ಲಿ? ಹಳೇ ಚೀಟಿಲಿ ಇದ್ದಿದ್ದು ಎರಡೇ. ಲಾರಿ ನಂಬರು, ಮಾಲು. ಹಂಗೇ ಮಾಡು."

ನಾಗರಾಜ ಹಮಾಲಿ ಚೀಟಿಯ ಫೈಲು ತೆರೆದು ನಡುವಿನ ಎರಡು ಸಾಲನ್ನು ಅಳಿಸಿದ. ನನಗೆ ಫೋನ್ ಮಾಡಿದ. "ಎರಡು ಸಾಲು ತೆಗ್ದೆ ರಮೇಶಣ್ಣ. ಒಂದೇ ಸಲಕ್ಕೆ ಬಂತು. ನಂಗೂ ಒಂದು ಕಂಪ್ಯೂಟರ್ ಅಂಗಡಿ ಹಾಕ್ಕೊಡಿ."

"ಭೇಷ್," ಅಂದೆ. ಮೂರು ತೂಕ ಸಾಲಿನಲ್ಲಿ ನಿಂತೇ ಇವೆ, ತೂಕಕ್ಕೆ ಉಳಿದಿರುವುದು ಒಂದೇ ಜಾಗ ಅಂತ ಆ ಕ್ಷಣ ನನ್ನ ತಲೆಗೆ ಬರಬೇಕಿತ್ತು. ಬರಲಿಲ್ಲ. ಆ ಒಂದು ಜಾಗಕ್ಕೆ ಸಾಲಿನಲ್ಲಿ ಮುಂದಿದ್ದ ಅಂಕಿ ಹೋಗಿ ಕೂತಿತು. ಅವತ್ತಿನಿಂದ 'ಮಾಲು' ಅನ್ನುವ ಮಾತಿನ ಮುಂದೆ ಅಚ್ಚಾಗತೊಡಗಿದ್ದು ಖಾಲಿ ಲಾರಿಯ ತೂಕ. ಶಿವಣ್ಣನವರ ಆಫೀಸಿನ ಚೀಟಿಯಲ್ಲಿ ಎಲ್ಲ ಸಾಲೂ ಇದ್ದವು, ಅದು ಸರಿಯಾಗಿಯೇ ಬರುತ್ತಿತ್ತು.

ಯಾಕೆ ಕೂಡಲೇ ಸಿಕ್ಕಿಬೀಳಲಿಲ್ಲ ಅಂದರೆ, ಆಗ ಹೋಗುತ್ತಿದ್ದದ್ದು ಹಗುರ ಮಾಲು. ಗುಡ್ಡದ ಹಾಗೆ ಏರಿಸಿದರೂ ಎಂಟು, ಎಂಟೂವರೆ ಟನ್ನು. ಖಾಲಿ ಲಾರಿ ಆರು, ಆರೂವರೆ. ಅಂಕಿ ಕಡಿಮೆ ಕಾಣುತ್ತಿತ್ತು, ಆದರೆ ಅಸಾಧ್ಯ ಅನ್ನುವಷ್ಟಲ್ಲ. ಯಂತ್ರದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅನುಮಾನ ಮನುಷ್ಯರ ಮೇಲೆ ಬಂತು.

ಮೊದಲ ಶನಿವಾರ ಮುರುಗೇಶ ಗುಂಪನ್ನು ನಿಲ್ಲಿಸಿ ಬಾಯಿಗೆ ಬಂದ ಹಾಗೆ ಬೈದ. ಎರಡನೇ ವಾರ ಇಬ್ಬರಿಗೆ ಕಪಾಳಕ್ಕೆ ಬಿಟ್ಟ. ಗುಂಪಿನಲ್ಲಿ ಒಬ್ಬರಿಗೊಬ್ಬರು ಕೈ ಮಿಲಾಯಿಸಿದರು. ನೀನು ಬೀಡಿ ಸೇದುತ್ತ ನಿಂತೆ, ನೀನು ಬರೀ ಡಬ್ಬ ಎತ್ತಿದೆ ಅಂತ ದೂರು. ಒಬ್ಬ ಇನ್ನೊಬ್ಬನ ಕಿವಿ ಕಚ್ಚಿ ಹರಿದ. ಮೂರನೇ ವಾರ ಮುರುಗೇಶನ ಕಣ್ಣು ತಂಗಿಯ ಗಂಡ ಸೆಲ್ವನ ಮೇಲೆ ಬಿತ್ತು.

"ಡೇ, ನಿನ್ನಿಂದ್ಲೇ ಕಣೋ ತೂಕ ಬೀಳ್ತಿರೋದು. ತಂಗಿ ಮುಖ ನೋಡಿ ಇಟ್ಕೊಂಡಿದೀನಿ."

"ನಾನು ಎತ್ತಿದ್ದನ್ನ ನೀನು ಎತ್ತಿ ತೋರ್ಸು, ಆಮೇಲೆ ಮಾತಾಡು," ಅಂದ ಸೆಲ್ವ.

ಮುರುಗೇಶ ಪಕ್ಕದಲ್ಲಿದ್ದ ಹಾರೆಯನ್ನು ಎತ್ತಿ ಬೀಸಿದ. ಸೆಲ್ವ ತಲೆಗೆ ಅಡ್ಡ ಹಿಡಿದ ಕೈ ಒಣ ಕಟ್ಟಿಗೆಯ ಹಾಗೆ ಸದ್ದು ಮಾಡಿತು. ಮೂಳೆಯ ತುದಿ ಚರ್ಮದಿಂದ ಹೊರಗೆ ಬಂದಿತ್ತಂತೆ. ಪೊನ್ನಿ ಅಣ್ಣನ ಮೇಲೆ ಬಿದ್ದು ಮುಖವನ್ನು ಉಗುರಿನಿಂದ ಕಿತ್ತಳಂತೆ. ನಾಗರಾಜ ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ನಾನು ಮನೆಯ ಮುಂದೆ ಬೈಕ್ ತೊಳೆಯುತ್ತಿದ್ದೆ. "ಅವ್ರವ್ರ ಮನೆ ಜಗಳ ಬಿಡು ಮಾರಾಯ," ಅಂದೆ.

ಪೊನ್ನಿ ಬಿಡಲಿಲ್ಲ. ಗಂಡ ಮೈಗಳ್ಳ ಅನ್ನುವ ಮಾತು ಅವಳಿಗೆ ಮುರಿದ ಮೂಳೆಗಿಂತ ಹೆಚ್ಚು ಚುಚ್ಚಿತ್ತು. ಅವಳಿಗೆ ಅಂಕಿ ಓದಲು ಬರುತ್ತಿತ್ತು. ತಂತಿಯಲ್ಲಿದ್ದ ಚೀಟಿಗಳನ್ನೆಲ್ಲ ಬಿಚ್ಚಿ, ಒಂದೊಂದು ಲಾರಿಯ ಚೀಟಿಗಳನ್ನು ಬೇರೆ ಬೇರೆ ಗುಂಪು ಮಾಡಿ ನೆಲದ ಮೇಲೆ ಹರಡಿದಳು. ಒಂದೇ ಲಾರಿ ಒಂಬತ್ತು ಸಲ ಬಂದಿದೆ. ಒಂಬತ್ತು ಸಲವೂ ಮಾಲು ಆರು ಸಾವಿರದ ನಾನೂರ ಎಂಬತ್ತರ ಆಸುಪಾಸು. ಹತ್ತು ಕೆಜಿ ಅತ್ತ, ಹತ್ತು ಕೆಜಿ ಇತ್ತ. ಬೇರೆ ಲಾರಿಗಳದೂ ಅದೇ ಕಥೆ.

ಮರುದಿನ ಬೆಳಿಗ್ಗೆ ಅವಳು ಆ ಚೀಟಿಗಳನ್ನು ಅಣ್ಣನ ಮುಖಕ್ಕೆ ಎಸೆದಳಂತೆ. "ಒಂದಿನ ತಗಡು, ಒಂದಿನ ಕಾರಿನ ಬಾಡಿ ತುಂಬಿದ್ವಿ. ಎರಡೂ ಒಂದೇ ತೂಕನಾ ಅಣ್ಣಾ? ಯಾರೋ ಕೂತ್ಕೊಂಡು ಬರೀತಾವ್ರೆ. ನೀನು ನನ್ನ ಗಂಡನ ಕೈ ಮುರ್ದೆ."

ಹನ್ನೊಂದು ಗಂಟೆಗೆ ನಾಗರಾಜನ ಫೋನ್ ಬಂತು. ಹಿಂದೆ ಗಾಜು ಒಡೆಯುವ ಸದ್ದು. "ರಮೇಶಣ್ಣ, ಚೀಟಿ ಫೋಟೋ ಹಾಕಿದೀನಿ ನೋಡಿ. ಒಳಗೆ ಚಿಲಕ ಹಾಕ್ಕೊಂಡು ಕೂತಿದೀನಿ. ನಾನು ಕಳ್ಳ ಅಂತಿದಾರೆ. ನಂದೇನೂ ಇಲ್ಲ ಅಂತ ನೀವೊಂದು ಮಾತು ಫೋನಲ್ಲೇ ಹೇಳಿ, ಸ್ಪೀಕರ್ ಹಾಕ್ತೀನಿ."

"ಇರು, ಹೊರಟೆ," ಅಂದು ಇಟ್ಟೆ.

ಫೋಟೋ ನೋಡಿದೆ. ಆರು ಸಾವಿರದ ನಾನೂರ ಎಂಬತ್ತು. ಲಾರಿ ಖಾಲಿಯಿದ್ದಾಗ ಎಷ್ಟಿರುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅರ್ಧ ನಿಮಿಷದಲ್ಲಿ ಎಲ್ಲ ಅರ್ಥವಾಯಿತು. ಆ ಒಂದು ಮಾತನ್ನು ಆಗಲೇ ಹೇಳಬಹುದಿತ್ತು. ನನ್ನ ತಲೆಯಲ್ಲಿ ಓಡಿದ್ದು ಬೇರೆ. ಉಳಿದ ಹನ್ನೊಂದು ಕಡೆ ಸುದ್ದಿ ಹೋದರೆ? ಪೆಟ್ಟಿಗೆಗಳನ್ನೆಲ್ಲ ಕಿತ್ತು ತಂದು ಅಂಗಳಕ್ಕೆ ಎಸೆದರೆ? ಬಾಳೆಲ್ಲ ಚೌಕಾಸಿ ಮಾಡಿದವನು ನಾನು. ಆ ಹೊತ್ತಿನಲ್ಲೂ ಅದನ್ನೇ ಮಾಡಿದೆ. ಶಿವಣ್ಣನವರಿಗೆ ಫೋನ್ ಹಚ್ಚಿದೆ.

"ಸಾವ್ಕಾರ್ರೆ, ಮಿಷಿನ್ ಸರಿಗಿದೆ. ಹಮಾಲಿ ಚೀಟಿ ಫೈಲಲ್ಲಿ ಏನೋ ಹೆಚ್ಚುಕಡಿಮೆ ಆಗಿದೆ. ನಾಗರಾಜ ಎರಡು ಸಾಲು ಅಳಿಸಿದಾನೆ. ನಾನು ಬಂದು ಸರಿ ಮಾಡ್ತೀನಿ, ಅಲ್ಲೀವರ್ಗೂ ನನ್ನ ಹೆಸರು ಎತ್ಬೇಡಿ."

ಒಂದೂ ಸುಳ್ಳಲ್ಲ. ಒಂದೊಂದು ಮಾತೂ ನಿಜ. ಶಿವಣ್ಣನವರೂ ತಮ್ಮ ಯಾರ್ಡು ಉಳಿಸಿಕೊಳ್ಳುವ ಅವಸರದಲ್ಲಿದ್ದರು. ಆಫೀಸಿನ ಜಗಲಿಗೆ ಬಂದು ಕೂಗಿದರಂತೆ: "ಮಿಷಿನ್ ಸರಿಗಿದೆ! ಚೀಟಿ ಫೈಲಿಗೆ ಕೈ ಹಾಕಿರೋನು ನಾಗರಾಜ!"

ಅರ್ಧ ಗಂಟೆಯ ದಾರಿ. ನಾನು ಯಾರ್ಡಿನ ಗೇಟು ಹೊಕ್ಕಾಗ ಕ್ಯಾಬಿನ್ನಿಗೆ ಒಂದು ಗಾಜೂ ಉಳಿದಿರಲಿಲ್ಲ. ಬಾಗಿಲು ಒಂದೇ ತಿರುಗಣಿಯಲ್ಲಿ ನೇತಾಡುತ್ತಿತ್ತು. ನಾಗರಾಜನನ್ನು ಕಾಲು ಹಿಡಿದು ವೇ ಬ್ರಿಡ್ಜಿನ ಕಬ್ಬಿಣದ ಹಾಸಿನ ಮೇಲೆ ಎಳೆದು ಹಾಕಿದ್ದರು. ಕಾದ ಕಬ್ಬಿಣಕ್ಕೆ ಅವನ ಬೆನ್ನು ಅಂಟಿಕೊಂಡು, ಹೊರಳಿದಾಗ ಅಂಗಿಯ ಜೊತೆ ಚರ್ಮ ಏಳುತ್ತಿತ್ತು. ಯಾರೋ ಎಸೆದ ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡು ಅವನ ಎಡಗಣ್ಣಿಗೆ ಬಿದ್ದಿತ್ತು. ಎರಡೂ ಕೈ ಮುಖದ ಮೇಲಿದ್ದವು, ಬೆರಳ ಸಂದಿಯಿಂದ ರಕ್ತ ಇಳಿದು ಕಿವಿಗೆ ಹೋಗುತ್ತಿತ್ತು. ಆದರೂ ಒದೆಯುತ್ತಿದ್ದರು. ಮುರುಗೇಶನ ಕೈಯಲ್ಲಿ ರಾಡು ಇತ್ತು. ತಂಗಿಯ ಗಂಡನ ಕೈ ಮುರಿದ ಪಾಪವನ್ನು ಇನ್ನೊಬ್ಬನ ಮೈಮೇಲೆ ಇಳಿಸದೆ ಅವನಿಗೆ ನೆಮ್ಮದಿಯಿಲ್ಲ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು.

ನಾನು ನಡುವೆ ನುಗ್ಗಿದೆ. "ಅವ್ನಲ್ಲ! ನಂದು! ತಪ್ಪು ನಂದು!"

"ನೀನ್ಯಾವನೋ?" ಅಂದ ಮುರುಗೇಶ.

"ಮಿಷಿನ್ನು ಕೊಟ್ಟೋನು."

ರಾಡಿನ ತುದಿ ನನ್ನ ಬಾಯಿಗೆ ಬಿತ್ತು. ನೆಲಕ್ಕೆ ಬಿದ್ದೆ. ಉಗುಳಿದರೆ ಎರಡು ಹಲ್ಲು ಹೊರಬಂದವು. ಇನ್ನೊಂದು ಏಟು ಬೀಳುವ ಮೊದಲು ಪೊನ್ನಿ ಅಣ್ಣನ ಮಣಿಕಟ್ಟು ಹಿಡಿದಳು. "ಇರು. ಹಿಂದೊಂದು ಸಲ ಕೇಳ್ದೆ ಹೊಡ್ದಿದೀಯ. ಇವನೇನಂತಾನೆ ಕೇಳು."

ಮಾತಿನಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. "ಒಂದು ಖಾಲಿ ಲಾರಿ ಹತ್ಸಿ," ಅಂದೆ. ನಾಗರಾಜನನ್ನು ಎತ್ತಿ ನೆರಳಿಗೆ ಒಯ್ದರು, ಯಾರೋ ಆಟೋ ತರಲು ಓಡಿದರು. ಲಾರಿ ಹಾಸಿನ ಮೇಲೆ ಬಂತು. ಒಡೆದ ಗಾಜಿನ ಮೇಲೆ ಕೂತು ಖಾಲಿ ತೂಕ ಹಿಡಿದೆ. ಏನೂ ತುಂಬದೆ, ಅದೇ ಲಾರಿಯನ್ನೇ ತುಂಬಿದ ಲಾರಿ ಅಂತ ಇನ್ನೊಮ್ಮೆ ತೂಗಿದೆ. ಹಮಾಲಿ ಚೀಟಿ ಹೊಡೆದೆ. ಪೊನ್ನಿಯ ಕೈಗೆ ಕೊಟ್ಟೆ.

ಅವಳು ಲಾರಿಯ ಹಿಂಬದಿ ಹತ್ತಿ ಒಳಗೆ ನೋಡಿದಳು. ಒಂದು ಮೊಳೆಯೂ ಇರಲಿಲ್ಲ. ಚೀಟಿ ಓದಿದಳು. "ಮಾಲು, ಆರು ಸಾವಿರದ ಇನ್ನೂರ ಹತ್ತು." ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಓದಿದಳು.

ಮುರುಗೇಶ ರಾಡು ಕೆಳಗಿಟ್ಟ. ಎಸೆಯಲಿಲ್ಲ, ಬಗ್ಗಿ ಇಟ್ಟ. ಅಲ್ಲೇ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ತನ್ನ ತಲೆಗೆ ಹೊಡೆದುಕೊಳ್ಳತೊಡಗಿದ. ಯಾರೂ ತಡೆಯಲಿಲ್ಲ.

ಪೊಲೀಸರ ಮುಂದೆ ತಪ್ಪು ನನ್ನ ಪ್ರೋಗ್ರಾಮಿನದು, ನಾಗರಾಜನದಲ್ಲ ಅಂತ ಬರೆದು ಸಹಿ ಮಾಡಿದೆ. ಅದರ ನಕಲನ್ನು ಯಾರ್ಡಿನ ಗೋಡೆಗೆ ಅಂಟಿಸಿದೆ. ಹನ್ನೊಂದು ಕಡೆಯೂ ನಾನೇ ಹೋಗಿ ಹೇಳಿದೆ. ನಾಲ್ವರು ಪೆಟ್ಟಿಗೆ ವಾಪಸು ಕೊಟ್ಟರು, ಏಳು ಜನ ಬೈದು ಇಟ್ಟುಕೊಂಡರು. ಆಫೀಸಿನ ಚೀಟಿ ಸರಿಯಿದ್ದದ್ದರಿಂದ ಹಮಾಲಿಗಳ ತೂಕ ಪೂರ್ತಿ ತಿದ್ದುಪಡಿಯಾಯಿತು. ಕಣ್ಣು ತಿದ್ದುಪಡಿ ಆಗುವಂಥದ್ದಲ್ಲ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ನಾಗರಾಜನ ಪಕ್ಕ ಕೂತಾಗ ಅವನೇ ಕೇಳಿದ. "ರಮೇಶಣ್ಣ, ನಾನು ಫೋನ್ ಮಾಡಿದಾಗ ನಿಮ್ಗೆ ಗೊತ್ತಾಗಿತ್ತಾ?"

"ಆಗಿತ್ತು."

"ಸಾವ್ಕಾರ್ರಿಗೆ ಫೋನ್ ಮಾಡಿದ್ದು ನೀವೇನಾ?"

"ಹೂಂ."

"ಅವ್ರು ಜಗಲಿ ಮೇಲಿಂದ ಕೂಗೋವರ್ಗೂ ಬರೀ ಗಾಜಿಗೆ ಕಲ್ಲು ಬೀಳ್ತಿತ್ತು," ಅಂದು ಗೋಡೆಯ ಕಡೆ ತಿರುಗಿಕೊಂಡ. ಈಗ ಅವನು ಹೊಳಲೂರಿನ ಮಾವನ ಮನೆಯ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಹೋದರೆ ಕೂರಿಸುತ್ತಾನೆ. ಮೊದಲಿನ ಹಾಗೆ ತಮಾಷೆ ಮಾಡುವುದಿಲ್ಲ.

ಈ ದಂಧೆಗೆ ಇಳಿಯುವವರಿಗೆ ನಾನು ಹೇಳುವುದು ಇಷ್ಟು. ಗಿರಾಕಿ ಬರೆದ ಪಠ್ಯವನ್ನು ಯಾವತ್ತೂ ನೇರವಾಗಿ ಅಚ್ಚಿನ ಮಾದರಿಯ ಜಾಗಕ್ಕೆ ಕೊಡಬೇಡಿ. ಅದು ಓದಿ ಪರೀಕ್ಷಿಸಬೇಕಾದ ಮಾಹಿತಿ, ಪ್ರೋಗ್ರಾಮು ಪಾಲಿಸಬೇಕಾದ ಅಪ್ಪಣೆಯಲ್ಲ. ಗಿರಾಕಿಗೆ ತಿದ್ದುವ ಸ್ವಾತಂತ್ರ್ಯ ಕೊಡಲೇಬೇಕಾದರೆ ಪ್ರತಿ ಜಾಗಕ್ಕೂ ಒಂದು ಹೆಸರು ಕೊಡಿ, 'ಖಾಲಿ', 'ತುಂಬಿದ', 'ಮಾಲು' ಅಂತ. ಸಾಲು ಅಳಿಸಿದರೂ ಅದಲುಬದಲು ಮಾಡಿದರೂ ಹೆಸರು ಹೇಳಿದ ಅಂಕಿಯೇ ಬರಬೇಕು. ಗೊತ್ತಿಲ್ಲದ ಹೆಸರು ಕಂಡರೆ ಚೀಟಿಯೇ ಹೊರಗೆ ಬರಬಾರದು. ಬಾರದ ಚೀಟಿಗೆ ಬೈಗುಳ ಬೀಳುತ್ತದೆ, ತಪ್ಪು ಚೀಟಿಗೆ ರಾಡು ಬೀಳುತ್ತದೆ. ಕಂಪೈಲರ್ ಹಟ ಹಿಡಿದರೆ ಅದರ ಮೇಲೆ ಸಿಟ್ಟಾಗುವ ಮೊದಲು ಯಾಕೆ ಹಟ ಹಿಡಿದಿದೆ ಅಂತ ಒಂದು ದಿನ ಕೂತು ಓದಿ. ಗಿರಾಕಿ ಏನಾದರೂ ತಿದ್ದಿದೆ ಅಂತ ಫೋನ್ ಮಾಡಿದರೆ 'ಭೇಷ್' ಅನ್ನಬೇಡಿ, ಒಂದು ಲಾರಿ ತೂಗಿಸಿ ಚೀಟಿಯ ಫೋಟೋ ತರಿಸಿಕೊಳ್ಳಿ, ಅಂಕಿಯನ್ನು ಕೈಯಾರೆ ಕಳೆದು ನೋಡಿ.

ಇಷ್ಟೆಲ್ಲ ಮಾಡಿದರೂ ಒಂದು ದಿನ ತಪ್ಪು ಆಗಿಯೇ ಆಗುತ್ತದೆ. ಆಗ ಮಾಲೀಕನಿಗೆ ಫೋನ್ ಹಚ್ಚಬೇಡಿ. ಏಟು ತಿನ್ನುತ್ತಿರುವವನಿಗೆ ಹಚ್ಚಿ, ಸ್ಪೀಕರ್ ಹಾಕಿಸಿ, ಎಲ್ಲರಿಗೂ ಕೇಳುವ ಹಾಗೆ ನಿಮ್ಮ ಹೆಸರು ಹೇಳಿ.